ಹೆಣ್ಣೋ ಗಂಡೋ, ಯಾವ ಜನಾಂಗವೋ ಅಂತ ನೋಡಿ ಮತ ಹಾಕೋದು ತಪ್ಪಾ?

ಪ್ರಶ್ನೆ:

ನಮಸ್ಕಾರ ಮೇಡಂ. ನೀವು ರಾಜ್ಯಶಾಸ್ತ್ರ ಪಾಠ ಮಾಡಿದವರು, ಅದಕ್ಕೇ ಇಲ್ಲಿ ಕೇಳ್ತಿದೀನಿ. ನನ್ನ ಮಗಳಿಗೆ ಇದು ಮೊದಲ ಮತ. ಕಣದಲ್ಲಿರೋ ಐದು ಜನರಲ್ಲಿ ಒಬ್ಬರೇ ಹೆಂಗಸು, ಅವರಿಗೇ ಹಾಕ್ತೀನಿ ಅಂತ ಕೂತಿದಾಳೆ. "ಹೆಂಗಸು ಅನ್ನೋ ಒಂದೇ ಕಾರಣಕ್ಕಾ? ಅರ್ಹತೆ ನೋಡಮ್ಮ" ಅಂದೆ. "ಅಪ್ಪ, ನೀವು ಇಲ್ಲಿವರೆಗೆ ಎಷ್ಟು ಜನ ಹೆಂಗಸರಿಗೆ ಹಾಕಿದೀರಿ?" ಅಂದಳು. ಬೆರಳು ಮಡಚಿ ಎಣಿಸಿದೆ. ಹನ್ನೊಂದು ಸಲ ಹಾಕಿದೀನಿ, ಹನ್ನೊಂದೂ ಗಂಡಸರಿಗೇ. "ಅದೆಲ್ಲಾ ಅರ್ಹತೆ ನೋಡಿಯೇ ಹಾಕಿದ್ದಾ?" ಅಂತ ಕೇಳಿ ಎದ್ದು ಹೋದಳು. ಅಮೆರಿಕದಲ್ಲಿ ಜನ ಬಣ್ಣ ನೋಡಿ ಮತ ಹಾಕ್ತಾರೆ ಅಂತ ಟಿವಿ ಮುಂದೆ ಕೂತು ಬೈತಿದ್ದವನು ನಾನೇ. ಈಗ ನನಗೇ ಗೊಂದಲ. ಯಾರು ಸರಿ?

ಉತ್ತರ:

ಮಗಳ ಪ್ರಶ್ನೆ ಗಟ್ಟಿಯಾಗಿದೆ ಸರ್. ತೀರ್ಮಾನ ಇನ್ನೂ ಅಷ್ಟು ಗಟ್ಟಿಯಾಗಿಲ್ಲ.

ಮೊದಲು ನಿಮ್ಮ ಕಡೆಯ ಮಾತು. "ನಾನು ಅರ್ಹತೆ ಮಾತ್ರ ನೋಡ್ತೀನಿ" ಅನ್ನೋದನ್ನ ತರಗತಿಯಲ್ಲೂ ತುಂಬಾ ಕೇಳಿದ್ದೇನೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಆದರೆ ಅರ್ಹತೆಯನ್ನು ಅಳೆಯುವ ಕಿವಿಯೇ ಸ್ವಲ್ಪ ವಾಲಿರುತ್ತದೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಊರಿನ ನಾಯಕರು ಸಭೆಯಲ್ಲಿ ಆಡುವಂಥ ಒಂದು ಪುಟ್ಟ ಭಾಷಣ ರೆಕಾರ್ಡ್ ಮಾಡಿದರು. ಕೆಲವರಿಗೆ ಗಂಡಸಿನ ದನಿಯಲ್ಲಿ ಕೇಳಿಸಿದರು, ಕೆಲವರಿಗೆ ಹೆಂಗಸಿನ ದನಿಯಲ್ಲಿ. ಮಾತು ಒಂದೇ, ಅಕ್ಷರ ಬದಲಿಲ್ಲ. ಮಹಿಳಾ ಪ್ರಧಾನರನ್ನು, ಅಂದರೆ ಪಂಚಾಯಿತಿ ಅಧ್ಯಕ್ಷೆಯರನ್ನು, ಎಂದೂ ನೋಡದ ಊರಿನ ಗಂಡಸರು, ಹೆಣ್ಣುದನಿಯಲ್ಲಿ ಕೇಳಿದಾಗ "ಈ ನಾಯಕಿ ಅಷ್ಟು ಸಮರ್ಥಳಲ್ಲ" ಅಂತ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದಾಗಿ ಮೊದಲೇ ಮಹಿಳಾ ಪ್ರಧಾನರನ್ನು ಕಂಡಿದ್ದ ಊರುಗಳಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಸ್ವಾರಸ್ಯ ಏನೆಂದರೆ, "ನಾಯಕ ಅಂದರೆ ಗಂಡಸೇ ಇರಲಿ" ಅನ್ನುವ ಒಲವು ಅಲ್ಲೂ ಹಾಗೇ ಉಳಿದಿತ್ತು. ಹೋದದ್ದು "ಹೆಂಗಸರ ಕೈಲಿ ಆಗಲ್ಲ" ಅನ್ನುವ ಅನುಮಾನ ಮಾತ್ರ. ಇಷ್ಟ ಬದಲಾಗದೆ ಅಂದಾಜು ಬದಲಾಯಿತು, ನೋಡಿ.

ಹಾಗಾಗಿ ನಿಮ್ಮ ಹನ್ನೊಂದು ಮತಗಳ ಲೆಕ್ಕದಲ್ಲಿ ನಿಮ್ಮದೂ ಒಂದಷ್ಟು ಪಾಲಿದೆ. ಪೂರ್ತಿ ನಿಮ್ಮದಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಈಗ ಮಗಳ ಕಡೆಯ ಮಾತು. ಅಭ್ಯರ್ಥಿ ಹೆಂಗಸು ಅನ್ನುವುದು ಮತದಾರರಿಗೆ ಒಂದು ಸುಳಿವು ಹೌದು. ಬಂಗಾಳ, ರಾಜಸ್ಥಾನದ ಪಂಚಾಯಿತಿಗಳ ಬಗ್ಗೆ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ಯಾವ ಊರು ಮಹಿಳೆಗೆ ಮೀಸಲು ಅನ್ನುವುದು ಚೀಟಿ ಎತ್ತಿದ ಹಾಗೆ ನಿಗದಿಯಾಗಿತ್ತು, ಆದ್ದರಿಂದ ಹೋಲಿಕೆ ನ್ಯಾಯವಾಗಿತ್ತು. ಊರಿನ ಹೆಂಗಸರು ಹೆಚ್ಚು ದೂರು ಕೊಡುತ್ತಿದ್ದದ್ದು ಕುಡಿಯುವ ನೀರಿನ ಬಗ್ಗೆ. ಮಹಿಳೆ ಪ್ರಧಾನರಾದ ಕಡೆ ನೀರಿನ ಕೆಲಸಕ್ಕೆ ಹೆಚ್ಚು ದುಡ್ಡು ಹೋಯಿತು. ಕೊಡ ಹೊತ್ತವರಿಗೆ ಕೊಡದ ಭಾರ ಗೊತ್ತಿರುತ್ತದೆ ಅಂತ ಇಟ್ಟುಕೊಳ್ಳಿ.

ಆದರೆ ಸುಳಿವು ಅಂದರೆ ಸುಳಿವಷ್ಟೇ. ಮಾರ್ಗರೆಟ್ ಥ್ಯಾಚರ್ ಬ್ರಿಟನ್ನಿನ ಮೊದಲ ಮಹಿಳಾ ಪ್ರಧಾನಿ. 1979ರಿಂದ ಹನ್ನೊಂದು ವರ್ಷ ಆಳಿದರು. ಅಷ್ಟೂ ಅವಧಿಯಲ್ಲಿ ಅವರ ಸಂಪುಟಕ್ಕೆ ಬಂದ ಇನ್ನೊಬ್ಬ ಮಹಿಳೆ ಬ್ಯಾರೊನೆಸ್ ಯಂಗ್ ಒಬ್ಬರೇ, ಅದೂ ಹೆಚ್ಚು ಕಾಲ ಅಲ್ಲ. ಥ್ಯಾಚರ್ ನೀತಿ ಮೆಚ್ಚಿ ಮತ ಹಾಕಿದವರಿಗೆ ಮೋಸವಾಗಲಿಲ್ಲ. "ಹೆಂಗಸು ಬಂದರೆ ಹೆಂಗಸರಿಗೆ ಬಾಗಿಲು ತೆರೆಯುತ್ತಾರೆ" ಅಂದುಕೊಂಡು ಹಾಕಿದವರಿಗೆ ಆಯಿತು.

ಇನ್ನೊಬ್ಬ ಸದಸ್ಯರು:

ಮೇಡಂ, ಬಣ್ಣದ ವಿಷಯಕ್ಕೆ ನೀವು ಬರಲೇ ಇಲ್ಲ. 2008ರಲ್ಲಿ ಕಪ್ಪು ಜನಾಂಗದವರು ಸಾರಾಸಗಟಾಗಿ ಒಬಾಮಾಗೆ ಹಾಕಿದರು. ಅದನ್ನ ಹೆಮ್ಮೆ ಅಂತೀರಿ. ಬಿಳಿಯರು ಬಿಳಿಯ ಅಂತ ನೋಡಿ ಹಾಕಿದರೆ ಜನಾಂಗದ್ವೇಷ ಅಂತೀರಿ. ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ ಆಗಲ್ವಾ?

ಉತ್ತರ:

ತಕ್ಕಡಿ ಒಂದೇ ಇರಲಿ ಸರ್, ಆದರೆ ತೂಗುವ ಮುಂಚೆ ಅಂಕಿ ನೋಡೋಣ. ಮತಗಟ್ಟೆ ಸಮೀಕ್ಷೆಗಳ ಪ್ರಕಾರ 2008ರಲ್ಲಿ ಕಪ್ಪು ಮತದಾರರಲ್ಲಿ ಸುಮಾರು 95% ಒಬಾಮಾಗೆ ಹಾಕಿದರು, ನಿಜ. ಅದಕ್ಕೆ ನಾಲ್ಕು ವರ್ಷ ಹಿಂದೆ, 2004ರಲ್ಲಿ, ಅದೇ ಡೆಮಾಕ್ರಟಿಕ್ ಪಕ್ಷದ ಬಿಳಿಯ ಅಭ್ಯರ್ಥಿ ಜಾನ್ ಕೆರಿಗೆ ಸುಮಾರು 88% ಹಾಕಿದ್ದರು. ಹಾಗಾದರೆ ಬಣ್ಣ ಕೂಡಿಸಿದ್ದು ಎಷ್ಟು, ಪಕ್ಷ ಮೊದಲೇ ತಂದುಕೊಟ್ಟಿದ್ದು ಎಷ್ಟು? 2006ರಲ್ಲಿ ಮೇರಿಲ್ಯಾಂಡ್‌ನ ಸೆನೆಟ್ ಚುನಾವಣೆಯಲ್ಲಿ ಎದುರಾಳಿ ರಿಪಬ್ಲಿಕನ್ ಪಕ್ಷ ಕಪ್ಪು ಜನಾಂಗದ ಮೈಕೆಲ್ ಸ್ಟೀಲ್ ಅವರನ್ನೇ ನಿಲ್ಲಿಸಿತು. ಕಪ್ಪು ಮತದಾರರಲ್ಲಿ ಬಹುಪಾಲು ಜನ ಎದುರಿಗಿದ್ದ ಡೆಮಾಕ್ರಟಿಕ್ ಪಕ್ಷದ ಬಿಳಿಯ ಬೆನ್ ಕಾರ್ಡಿನ್‌ಗೆ ಹಾಕಿದರು. ಬರೀ ಬಣ್ಣ ನೋಡುವವರು ಹಾಗೆ ಮಾಡುತ್ತಿರಲಿಲ್ಲ.

ಹಾಗಂತ ಆ ಏಳು ಶೇಕಡಾದಲ್ಲಿ ಹೆಮ್ಮೆ ಇರಲೇ ಇಲ್ಲ ಅನ್ನಲ್ಲ. ಅದರ ಬೆನ್ನಿಗೆ ಏನಿದೆ ಅನ್ನುವುದು ಮುಖ್ಯ. ಅಮೆರಿಕ ಸಂವಿಧಾನದ ಹದಿನೈದನೇ ತಿದ್ದುಪಡಿ 1870ರಲ್ಲೇ ಕಪ್ಪು ಗಂಡಸರಿಗೆ ಕಾಗದದ ಮೇಲೆ ಮತದ ಹಕ್ಕು ಕೊಟ್ಟಿತ್ತು. ದಕ್ಷಿಣದ ರಾಜ್ಯಗಳು ಮತ ಹಾಕಲು ತೆರಿಗೆ ಇಟ್ಟವು, ಓದುಬರಹದ ಪರೀಕ್ಷೆ ಇಟ್ಟವು, ಪಾಸು ಫೇಲು ಗುಮಾಸ್ತನ ಮರ್ಜಿ. ಮಿಸಿಸಿಪಿಯಲ್ಲಿ 1965ರ ಮತದಾನ ಹಕ್ಕು ಕಾಯ್ದೆಗೆ ಮುಂಚೆ, ಅರ್ಹ ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು 7%ಕ್ಕಿಂತ ಕಡಿಮೆ. 1967ರ ಹೊತ್ತಿಗೆ ಸುಮಾರು 60%. ಗೇಟಿನ ಹೊರಗೆ ನಿಲ್ಲಿಸಿಕೊಂಡವರು ತಮ್ಮವರೊಬ್ಬರನ್ನು ಒಳಗೆ ಕಳಿಸುವುದಕ್ಕೂ, ಗೇಟು ಹಾಕಿದವರು "ನಮ್ಮವರೇ ಇರಲಿ" ಅನ್ನುವುದಕ್ಕೂ ತೂಕ ಒಂದೇ ಅಂತ ನನಗೆ ಅನ್ನಿಸಲ್ಲ. ಇದು ನನ್ನ ಅಭಿಪ್ರಾಯ. ಒಪ್ಪದವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದರು, ಸ್ಟಾಫ್ ರೂಮಿನಲ್ಲಿ ಕಾಫಿ ಆರುವವರೆಗೂ ಜಗಳ ಆಡಿದ್ದೇವೆ.

ನಾನೇ ಬಳಸುವ ಒಂದು ಉಪಾಯ ಹೇಳ್ತೀನಿ. ಅಭ್ಯರ್ಥಿಯ ಮಾತು, ಮಾಡಿದ ಕೆಲಸ, ಪಕ್ಷ ಎಲ್ಲಾ ಹಾಗೇ ಇಟ್ಟು, ಹೆಣ್ಣೋ ಗಂಡೋ, ಯಾವ ಜನಾಂಗವೋ ಅನ್ನುವುದನ್ನು ಮಾತ್ರ ಮನಸ್ಸಿನಲ್ಲೇ ಬದಲಿಸಿ ನೋಡಿ. ಮತ ಬದಲಾಗುತ್ತದಾ? ಆಗುತ್ತದೆ ಅಂದರೆ ಏನು ಕಳೆದುಹೋಯಿತು ಅಂತ ಕೇಳಿಕೊಳ್ಳಿ. "ಈ ಕಷ್ಟ ಸ್ವತಃ ಪಟ್ಟವರು ಸದನದಲ್ಲಿ ಯಾರೂ ಇಲ್ಲ" ಅನ್ನುವಂಥ ಬಿಡಿಸಿ ಹೇಳಬಹುದಾದ ಉತ್ತರ ಬಂದರೆ ಅದು ಕಾರಣವೇ. "ಯಾಕೋ ಸರಿಹೋಗಲ್ಲ" ಅಂತಷ್ಟೇ ಬಂದರೆ ತೊಡಕು ನಮ್ಮೊಳಗಿದೆ, ಅಭ್ಯರ್ಥಿಯಲ್ಲಿ ಇಲ್ಲ.

ಮೊದಲ ಪ್ರಶ್ನೆ ಕೇಳಿದವರು:

ಒಪ್ಪಿದೆ ಮೇಡಂ. ಆದರೆ ನನ್ನ ಹನ್ನೊಂದು ಸಲದಲ್ಲಿ ಎಂಟು ಸಲ ಮತಪತ್ರದಲ್ಲಿ ಹೆಂಗಸರ ಹೆಸರೇ ಇರಲಿಲ್ಲ. ಇಲ್ಲದವರಿಗೆ ಎಲ್ಲಿಂದ ಹಾಕಲಿ?

ಉತ್ತರ:

ಆಮೇಲೆ ಬರ್ತೀನಿ ಅಂದಿದ್ದು ಇದಕ್ಕೇ ಸರ್. ಈ ವಾದ ಮಾಡಬೇಕಾದ ಜಾಗ ಮತಗಟ್ಟೆಗಿಂತ ಮುಂಚೆ, ಟಿಕೆಟ್ ಹಂಚುವ ಕೋಣೆಯಲ್ಲಿದೆ. ನಿಮ್ಮ ಕೈಲಿರುವುದು ಒಂದು ಮತ, ಆರಿಸುವುದು ಒಬ್ಬರನ್ನು. ಒಬ್ಬರು ಏಕಕಾಲಕ್ಕೆ ಹೆಣ್ಣೂ ಗಂಡೂ, ಎಲ್ಲ ಜನಾಂಗವೂ ಆಗಲಾರರು. ಸದನ ಜನರ ಹಾಗೆ ಕಾಣಬೇಕು ಅನ್ನುವುದು ಇಡೀ ಸದನದ ಮಾತು. ಅದನ್ನು ಒಬ್ಬ ಮತದಾರಳ ಹೆಗಲಿಗೆ ಹೊರಿಸಿದರೆ, ಕೆಲಸ ಬಾರದ ಅಭ್ಯರ್ಥಿಯನ್ನೂ ಆಕೆ ಹೊರಬೇಕಾಗುತ್ತದೆ. ಪಕ್ಷಗಳು ಮಾತ್ರ ಗೆಲ್ಲದ ಕ್ಷೇತ್ರದಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿ, ಸೋತ ಮೇಲೆ "ಜನರಿಗೇ ಬೇಡ" ಅಂತ ಕೈ ತೊಳೆದುಕೊಳ್ಳುತ್ತವೆ.

ನಿಯಮ ಮಾಡಿದ ಕಡೆ ಲೆಕ್ಕ ಬೇಗ ತಿರುಗಿದೆ. ಆಫ್ರಿಕಾದ ರುವಾಂಡಾ 2003ರ ಸಂವಿಧಾನದಲ್ಲಿ ಕನಿಷ್ಠ 30% ಮಹಿಳೆಯರು ಅಂತ ಬರೆಯಿತು. 2008ರಲ್ಲಿ ಅಲ್ಲಿಯ ಕೆಳಮನೆಯಲ್ಲಿ ಮಹಿಳೆಯರೇ ಬಹುಮತ, ಜಗತ್ತಿನಲ್ಲೇ ಮೊದಲು. ಅದೇ ದೇಶದಲ್ಲಿ 2000ದಿಂದ ಅಧ್ಯಕ್ಷರು ಮಾತ್ರ ಪಾಲ್ ಕಗಾಮೆ ಒಬ್ಬರೇ. ಕುರ್ಚಿ ಲೆಕ್ಕ ಸರಿಹೋದರೆ ಎಲ್ಲಾ ಸರಿಹೋಯಿತು ಅಂತೇನಿಲ್ಲ.

ಮಗಳಿಗೆ ನನ್ನ ಮಾತಾಗಿ ಹೇಳಿ: ಉಳಿದದ್ದೆಲ್ಲ ಸಮಸಮ ಇದ್ದರೆ ಹೆಂಗಸಿಗೆ ಹಾಕುವುದರಲ್ಲಿ ನನಗೆ ಯಾವ ತಪ್ಪೂ ಕಾಣಲ್ಲ. ಆದರೆ ಸಮಸಮ ಇದೆಯಾ ಅಂತ ನೋಡಿದ್ದಾಳಾ?

ಮೊದಲ ಪ್ರಶ್ನೆ ಕೇಳಿದವರು:

ಕೇಳಿದೆ ಮೇಡಂ. "ನೀವು ನೋಡಿದೀರಾ?" ಅಂದಳು. ಈಗ ಇಬ್ಬರೂ ಪ್ರಣಾಳಿಕೆ ಹರಡಿಕೊಂಡು ಕೂತಿದೀವಿ. ಮೂವರದ್ದು ಸಿಕ್ಕಿತು. ಆ ಹೆಣ್ಣುಮಗಳದ್ದೂ ಇನ್ನೊಬ್ಬರದ್ದೂ ಸಿಗಲಿಲ್ಲ ಅಂತ ಅವರ ಕಚೇರಿಗೆ ಫೋನ್ ಹಚ್ಚಿದಾಳೆ, ರಿಂಗ್ ಆಗ್ತಿದೆ.