ಟಾಕಿಂಗ್ ಹೆಡ್ಸ್: ಎಲ್ಲಿಂದ ಕೇಳೋಕೆ ಶುರು ಮಾಡಲಿ?

ಪ್ರಶ್ನೆ: ನ್ಯೂ ವೇವ್ (1970ರ ದಶಕದ ಕೊನೆಯಲ್ಲಿ ಬಂದ ರಾಕ್ ಶೈಲಿ) ಅಂದ ಕೂಡಲೇ ಎಲ್ಲರೂ ಅಮೆರಿಕದ ಟಾಕಿಂಗ್ ಹೆಡ್ಸ್ ಬ್ಯಾಂಡಿನ ಹೆಸರು ಹೇಳುತ್ತಾರೆ. ಒಂದೆರಡು ಹಾಡು ಕೇಳಿದೆ, ಕಿವಿಗೆ ಹತ್ತಲಿಲ್ಲ. ಇರೋದು ಎಂಟು ಆಲ್ಬಂ. ಕೇಳಿ ಪಳಗಿದವರು ದಾರಿ ತೋರಿಸಿ.

ಉತ್ತರ: ಮೊದಲು ನೋಡಿ, ಆಮೇಲೆ ಕೇಳಿ. ಜೊನಾಥನ್ ಡೆಮ್ಮಿ ನಿರ್ದೇಶಿಸಿದ ‘ಸ್ಟಾಪ್ ಮೇಕಿಂಗ್ ಸೆನ್ಸ್’ ಅಂತ ಇವರ ಸಂಗೀತ ಕಛೇರಿಯದ್ದೇ ಸಿನಿಮಾ ಇದೆ. 1983ರ ಡಿಸೆಂಬರಿನಲ್ಲಿ ಹಾಲಿವುಡ್‌ನ ಪ್ಯಾಂಟೇಜಸ್ ಥಿಯೇಟರಿನಲ್ಲಿ ತೆಗೆದದ್ದು. ಖಾಲಿ ವೇದಿಕೆಗೆ ಬ್ಯಾಂಡಿನ ಗಾಯಕ ಡೇವಿಡ್ ಬರ್ನ್ ಒಬ್ಬರೇ ಬರುತ್ತಾರೆ. ಕೈಯಲ್ಲಿ ಗಿಟಾರು, ಒಂದು ಟೇಪ್ ರೆಕಾರ್ಡರ್. ಅದನ್ನು ಕೆಳಗಿಟ್ಟು ಹಾಡು ಎತ್ತಿಕೊಳ್ಳುತ್ತಾರೆ. ಎರಡನೇ ಹಾಡಿಗೆ ಬೇಸ್ ಗಿಟಾರಿನ ಟೀನಾ ವೇಮೌತ್ ಸೇರುತ್ತಾರೆ. ಮೂರನೆಯದಕ್ಕೆ ಡ್ರಮ್ಸ್‌ನ ಕ್ರಿಸ್ ಫ್ರಾಂಟ್ಜ್, ನಾಲ್ಕನೆಯದಕ್ಕೆ ಗಿಟಾರ್, ಕೀಬೋರ್ಡ್ ನುಡಿಸುವ ಜೆರಿ ಹ್ಯಾರಿಸನ್. ಒಬ್ಬೊಬ್ಬರು ಬಂದಾಗಲೂ ಸದ್ದು ಹೇಗೆ ತುಂಬಿಕೊಳ್ಳುತ್ತೆ ಅಂತ ಕಣ್ಣಿಗೇ ಕಾಣುತ್ತೆ. ಬ್ಯಾಂಡ್ ಅರ್ಥವಾಗೋಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. 2023ರಲ್ಲಿ ಹೊಸದಾಗಿ ಶುದ್ಧಗೊಳಿಸಿ ಮತ್ತೆ ಬಿಡುಗಡೆ ಮಾಡಿದ್ದಾರೆ, ಅದನ್ನೇ ಹುಡುಕಿ.

ಉತ್ತರ: ಮೇಲಿನವರ ಮಾತು ಸರಿ. ಸಿನಿಮಾ ಮುಗಿದ ಮೇಲೆ ನೇರ 1980ರ ‘ರಿಮೇನ್ ಇನ್ ಲೈಟ್’ಗೆ ಹೋಗಿ. ನಾನು ಮೃದಂಗ ಕಲಿತವನು. ನನ್ನನ್ನು ಹಿಡಿದು ಕೂರಿಸಿದ್ದು ಇದೇ ಆಲ್ಬಂ. ನೈಜೀರಿಯಾದ ಫೆಲಾ ಕುಟಿ ಸಂಗೀತವನ್ನು ಬ್ಯಾಂಡಿನವರೂ ಆಲ್ಬಂ ನಿರ್ಮಾಪಕ ಬ್ರಯಾನ್ ಈನೋ ಅವರೂ ತುಂಬಾ ಕೇಳಿದ್ದರು. ಬಹಾಮಾಸ್‌ನ ಸ್ಟುಡಿಯೋದಲ್ಲಿ ಮೊದಲು ತಾಳದ ತುಣುಕುಗಳನ್ನು ನುಡಿಸಿ, ಒಂದರ ಮೇಲೊಂದು ಕೂರಿಸಿದರು. ಸಾಹಿತ್ಯ ಬಂದದ್ದು ಆಮೇಲೆ. ಹಾಗಾಗಿ ಮಾತಿನ ಅರ್ಥ ಹುಡುಕುತ್ತಾ ಕೂರಬೇಡಿ. ಬೇಸ್ ಒಂದನ್ನೇ ಹಿಡಿದು ಒಂದು ಹಾಡು ಪೂರ್ತಿ ಕೇಳಿ. ಮತ್ತೆ ಅದೇ ಹಾಡಿನಲ್ಲಿ ಗಿಟಾರ್ ಹಿಡಿಯಿರಿ. ಹೆಡ್‌ಫೋನ್ ಇದ್ದರೆ ಒಳ್ಳೇದು.

ಅಂದಹಾಗೆ 1983ರ ‘ಸ್ಪೀಕಿಂಗ್ ಇನ್ ಟಂಗ್ಸ್’ ಆಲ್ಬಂನಲ್ಲಿ, ಭಾರತೀಯ ಸಂಗೀತ ಮತ್ತು ಜಾಝ್ ಬೆರೆಸಿದ ‘ಶಕ್ತಿ’ ತಂಡದ ಎಲ್. ಶಂಕರ್ ಅವರ ಪಿಟೀಲಿದೆ, ‘ಮೇಕಿಂಗ್ ಫ್ಲಿಪ್ಪಿ ಫ್ಲಾಪಿ’ ಹಾಡಿನಲ್ಲಿ. ಕರ್ನಾಟಕ ಸಂಗೀತ ಕೇಳುವವರು ಅದನ್ನು ಬಿಡಬಾರದು.

ಉತ್ತರ: ನಾನು ಮಾತ್ರ ಮೊದಲಿಂದಲೇ ಕೇಳಿ ಅಂತೀನಿ. ಬರ್ನ್, ಫ್ರಾಂಟ್ಜ್, ಟೀನಾ ಮೂವರೂ ರೋಡ್ ಐಲೆಂಡ್‌ನ ಕಲಾ ಶಾಲೆಯವರು. 1975ರಲ್ಲಿ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಲ್ಲಿ ರಮೋನ್ಸ್ ಬ್ಯಾಂಡಿಗಿಂತ ಮುಂಚೆ ನುಡಿಸಿ ಶುರು ಮಾಡಿದರು. ಬ್ಯಾಂಡಿಗೋಸ್ಕರವೇ ಟೀನಾ ಬೇಸ್ ಕಲಿತದ್ದು! 1977ರ ಮೊದಲ ಆಲ್ಬಂ ತೆಳ್ಳಗೆ, ಚುರುಕಾಗಿದೆ. ಅಲ್ಲಿಂದ ಮೂರೇ ವರ್ಷದಲ್ಲಿ ‘ರಿಮೇನ್ ಇನ್ ಲೈಟ್’ ಮುಟ್ಟಿದರು ಅನ್ನೋದು ಕ್ರಮವಾಗಿ ಕೇಳಿದರೇ ಗೊತ್ತಾಗೋದು, ಅಲ್ವಾ?

ಉತ್ತರ: ಟೀನಾ ಮತ್ತು ಫ್ರಾಂಟ್ಜ್ ದಂಪತಿ ಕಟ್ಟಿದ ಟಾಮ್ ಟಾಮ್ ಕ್ಲಬ್ ಮರೆಯಬೇಡಿ. ಅವರ 1981ರ ‘ಜೀನಿಯಸ್ ಆಫ್ ಲವ್’ ಹಾಡಿನ ಮೇಲೇ 1995ರಲ್ಲಿ ಪಾಪ್ ಗಾಯಕಿ ಮರಾಯಾ ಕ್ಯಾರಿ ‘ಫ್ಯಾಂಟಸಿ’ ಕಟ್ಟಿದ್ದು. ರೇಡಿಯೋಹೆಡ್ ಬ್ಯಾಂಡಿನ ಹೆಸರೂ ಟಾಕಿಂಗ್ ಹೆಡ್ಸ್ ಹಾಡೊಂದರಿಂದಲೇ ಬಂದದ್ದು. ಎಲ್ಲರೂ ಬರ್ನ್ ಒಬ್ಬರನ್ನೇ ಹೊಗಳೋದು ನೋಡಿದರೆ ಬೇಜಾರಾಗುತ್ತೆ. ಆ ತಾಳ ಹಿಡಿದು ನಿಲ್ಲಿಸಿದವರು ಈ ಇಬ್ಬರು. 1988ರ ಕೊನೆಯ ಆಲ್ಬಂ ‘ನೇಕೆಡ್’ ಆಮೇಲೆ ಕೇಳಿದರೂ ನಡೆಯುತ್ತೆ.