ಲ್ಯಾಕ್ಸ್‌ಟನ್ ಹಳ್ಳಿಯ ಪಟ್ಟಿ ಹೊಲ: ಮಾದರಿಗೆ ಅಳತೆ ಎಷ್ಟಿಡಬೇಕು?

ಕೊಥ್ರೂಡ್ ಓದುಗ, ಪುಣೆ:
ನಮ್ಮ ಕನ್ನಡ ಬಳಗದ ಮಕ್ಕಳಿಗಾಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಹಳ್ಳಿಯ ಹೊಲಗಳ ಮಾದರಿ ಮಾಡಬೇಕಾಗಿದೆ. ಬೇಲಿಯಿಲ್ಲದ ಮೂರು ದೊಡ್ಡ ಬಯಲು, ಅದರೊಳಗೆ ಒಬ್ಬೊಬ್ಬ ರೈತನಿಗೆ ಅಲ್ಲೊಂದು ಇಲ್ಲೊಂದು ಪಟ್ಟಿ, ಇಷ್ಟು ಗೊತ್ತು. ಪಟ್ಟಿಯ ಉದ್ದಗಲ ಎಷ್ಟಿಡಬೇಕು? ಎ3 ಹಾಳೆಯಲ್ಲಿ ಹಿಡಿಸುತ್ತದೆಯೇ? ಜಮೀನು ಹೀಗೆ ಚೂರುಚೂರಾಗಿ ಯಾಕಿತ್ತು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ.

ಡೊಂಬಿವಲಿ ಅಳತೆಗಾರ:
ಸರ್, ಗುಂಟೆಯಲ್ಲಿ ಹೇಳಿ, ಮಕ್ಕಳ ಮನೆಯವರಿಗೂ ತಕ್ಷಣ ತಿಳಿಯುತ್ತದೆ. ಗುಂಟೆ ಎಂದರೆ 33 ಅಡಿಗೆ 33 ಅಡಿ. ಲೆಕ್ಕದ ಪ್ರಕಾರ ಒಂದು ಎಕರೆ ಪಟ್ಟಿ 660 ಅಡಿ ಉದ್ದ, 66 ಅಡಿ ಅಗಲ. ಅಂದರೆ ಉದ್ದಕ್ಕೆ 20 ಗುಂಟೆ, ಅಗಲಕ್ಕೆ 2, ಒಟ್ಟು 40. ಆ 660 ಅಡಿಯೇ ಫರ್ಲಾಂಗು, ಆ 66 ಅಡಿಯೇ ಸರ್ವೆಯವರ ಚೈನು. 1:1000 ಪ್ರಮಾಣ ಇಟ್ಟರೆ ಕಾಗದದ ಪಟ್ಟಿ 20 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ. ಎ3ಯಲ್ಲಿ ಹನ್ನೆರಡು ಪಟ್ಟಿ ಪಕ್ಕಪಕ್ಕ ಆರಾಮಾಗಿ ಕೂರುತ್ತವೆ. ಎಲ್ಲವನ್ನೂ ಒಂದೇ ಅಗಲಕ್ಕೆ ಕತ್ತರಿಸಬೇಡಿ, ಅರ್ಧ ಎಕರೆಯವೂ ಕಾಲು ಎಕರೆಯವೂ ನಡುನಡುವೆ ಬರಲಿ. ನಿಜದ ಹೊಲ ಅಷ್ಟು ಅಚ್ಚುಕಟ್ಟಾಗಿ ಇರುತ್ತಿರಲಿಲ್ಲ.

ಚೂರು ಯಾಕೆ ಅಂದರೆ: ಒಂದು ಬಯಲಿಗೆ ಗೋಧಿ, ಇನ್ನೊಂದಕ್ಕೆ ಬಾರ್ಲಿ ಅಥವಾ ಬಟಾಣಿಯಂಥ ವಸಂತದ ಬಿತ್ತನೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಒಬ್ಬನ ಜಮೀನೆಲ್ಲ ಒಂದೇ ಬಯಲಲ್ಲಿದ್ದರೆ ಮೂರು ವರ್ಷಕ್ಕೊಮ್ಮೆ ಅವನ ಮನೆಯಲ್ಲಿ ಕಾಳೇ ಇಲ್ಲ. ಒಳ್ಳೆ ಮಣ್ಣು, ಜವುಳು ಮಣ್ಣು ಎರಡೂ ಎಲ್ಲರಿಗೂ ಹಂಚಿಹೋಗುತ್ತಿದ್ದದ್ದೂ ಉಂಟು.

ನೇಗಿಲು ಪ್ರೇಮಿ, ಹಡಪ್ಸರ್:
ಪಟ್ಟಿಯನ್ನು ಸ್ಕೇಲಿಟ್ಟು ನೆಟ್ಟಗೆ ಎಳೆದರೆ ಮಾದರಿ ಕೆಡುತ್ತದೆ. ನಮ್ಮ ಮರದ ನೇಗಿಲು ಮಣ್ಣು ಸೀಳುತ್ತದೆ. ಅವರ ಭಾರದ ನೇಗಿಲು ಮಣ್ಣನ್ನು ಬಲಕ್ಕೇ ಮಗುಚುತ್ತಿತ್ತು. ಎಂಟು ಎತ್ತು ಕಟ್ಟಿದ ಸಾಲು ಗಕ್ಕನೆ ತಿರುಗುವುದಿಲ್ಲ, ಬದು ಬರುವ ಮೊದಲೇ ಎಡಕ್ಕೆ ಎಳೆದುಕೊಳ್ಳಬೇಕು. ಎರಡೂ ತುದಿಯಲ್ಲಿ ಹೀಗೆ ಮಾಡಿ ಮಾಡಿ ಪಟ್ಟಿಗೆ ಕನ್ನಡಿಯೊಳಗಿನ ಎಸ್ ಅಕ್ಷರದ ಆಕಾರ ಬಂತು. ಮೇಲಿನ ತುದಿ ಎಡಕ್ಕೆ, ಕೆಳಗಿನದು ಬಲಕ್ಕೆ ಬಾಗಲಿ. ಮಣ್ಣು ವರ್ಷವರ್ಷ ನಡುವಿಗೇ ಬೀಳುವುದರಿಂದ ಪಟ್ಟಿ ದಿಂಡಿನಂತೆ ಉಬ್ಬುತ್ತದೆ, ಮಳೆನೀರು ಅಂಚಿನ ಸಾಲಿನಲ್ಲಿ ಬಸಿದುಹೋಗುತ್ತದೆ. ಒಳಗೊಂದು ದಪ್ಪ ದಾರ ಅಂಟಿಸಿದರೆ ಸಾಕು.

ವಾಸ್ಕೋ ವಾಸಿ, ಗೋವಾ:
ಹುಲ್ಲಿನ ಜಾಗ ಮರೆಯಬೇಡಿ. ಉಳಲಾಗದ ತಗ್ಗುಗಳಿಗೆ ಅಲ್ಲಿ ಸೈಕ್ ಅನ್ನುತ್ತಾರೆ, ಹಸಿರು ಬಣ್ಣ ಕೊಡಿ. ಊರಿನ ಜಗಳವೆಲ್ಲ ಅದರ ಅಂಚಿನಲ್ಲೇ. ನವೆಂಬರ್ ಕೊನೆಯ ಗುರುವಾರ ಜ್ಯೂರಿಯ (ಹೊಲ ತಪಾಸಣೆಗೆ ಆರಿಸಿದ ತಂಡ) ರೈತರು ಗೋಧಿ ಬಿತ್ತಿದ ಬಯಲಲ್ಲಿ ನಡೆದು ಗಡಿಗೂಟ ಹೊಡೆಯುತ್ತಾರೆ. ದಾರಿಗೋ ಸೈಕಿಗೋ ಯಾರಾದರೂ ನೇಗಿಲು ಹೊಗಿಸಿದ್ದರೆ ಬರೆದುಕೊಳ್ಳುತ್ತಾರೆ. ವಾರದ ನಂತರ ಕೋರ್ಟ್ ಲೀಟ್, ಅಂದರೆ ಊರಿನ ಹಳೆಯ ನ್ಯಾಯಸಭೆ, ಕೂತು ದಂಡ ಹಾಕುತ್ತದೆ, ಮುಂದಿನ ಗೋಧಿ ಬಯಲಿಗೆ ಹೊಸ ಜ್ಯೂರಿ ಆರಿಸುತ್ತದೆ. ನಮ್ಮ ಗೋವೆಯ ಗಾಂವ್ಕರಿಯಲ್ಲಿ (ಊರವರೇ ಸೇರಿ ಜಮೀನು ನಡೆಸುವ ಹಳೆಯ ಪದ್ಧತಿ) ಊರ ಗದ್ದೆ ಹರಾಜಿನಲ್ಲಿ ಗೇಣಿಗೆ ಹೋಗುತ್ತಿತ್ತು; ಲ್ಯಾಕ್ಸ್‌ಟನ್‌ನಲ್ಲಿ ಪಟ್ಟಿ ಆಯಾ ಗೇಣಿದಾರನ ಕೈಯಲ್ಲೇ ಇರುತ್ತದೆ. ಎರಡನ್ನೂ ಒಂದೇ ಎಂದು ಹೇಳಿಬಿಡಬೇಡಿ.

ಕೊಥ್ರೂಡ್ ಓದುಗ, ಪುಣೆ:
ಬಹಳ ಉಪಕಾರವಾಯಿತು. ಆ ಹಳ್ಳಿಯ 1635ರ ಹಳೆಯ ನಕ್ಷೆಯನ್ನೇ ನೋಡಿ ಬಣ್ಣ ತುಂಬಬಹುದೇ?

ಡೊಂಬಿವಲಿ ಅಳತೆಗಾರ:
ತುಂಬಿ, ಆದರೆ ಮೇಲೆ 1635 ಅಂತ ದೊಡ್ಡದಾಗಿ ಬರೆಯಿರಿ. 20ನೇ ಶತಮಾನದ ಆರಂಭದಲ್ಲಿ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿದರು, ಈಗಿನ ಹೊಲ ಹಾಗಿಲ್ಲ. ಮಾರ್ಕ್ ಪಿಯರ್ಸ್ ಬರೆದ ಆ ನಕ್ಷೆ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಹೊಲಗಳ ಮೇಲೆ ಉಳುವವರು, ಕೊಯ್ಯುವವರು ಇರುವೆಯಷ್ಟು ಸಣ್ಣಗೆ ಚಿತ್ರಿಸಿದ್ದಾರೆ. ಮಕ್ಕಳ ಕೈಗೆ ಒಂದು ಭೂತಗನ್ನಡಿ ಕೊಡಿ.