ಸಹಾಯ ಬೇಕು: ಮಂಗನ ಕಾಯಿಲೆ ಸಮಯದಲ್ಲಿ ಸಭೆಗೆ ಹೇಗೆ ತಿಳಿ ಹೇಳಲಿ?

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಾನು ಮಲೆನಾಡಿನ ಒಂದು ಚಿಕ್ಕ ಸಭೆಯ ಪಾಲಕ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈ ಸಲ ನಮ್ಮೂರಿಗೂ ಬಂದಿದೆ. ಸಭೆಯವರಲ್ಲಿ ಹೆಚ್ಚಿನವರು ಕೂಲಿಯವರು. ದರಗು (ಒಣಗಿದ ಎಲೆ) ತರೋಕೆ ಕಾಡಿಗೆ ಹೋಗಲೇಬೇಕು. ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಕಚ್ಚೋದು ಅಲ್ಲೇ.

ಮೊನ್ನೆ ಒಬ್ಬ ಅಜ್ಜಿ ಮನೆಗೆ ಹೋಗಿದ್ದೆ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳೋಕೆ ಆಶಾ ಕಾರ್ಯಕರ್ತೆ ಕೊಟ್ಟ ಡೆಪಾ ಎಣ್ಣೆ ಬಾಟಲಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. ಪಕ್ಕದಲ್ಲೇ ಪ್ರಾರ್ಥನೆಯ ಎಣ್ಣೆ, ಅರ್ಧ ಖಾಲಿ. "ಅಯ್ನೋರೆ, ಇದು ಇರುವಾಗ ಅದ್ಯಾಕೆ?" ಅಂದರು. ಅವರ ನಂಬಿಕೆಯನ್ನು ನೋಯಿಸೋಕೆ ನನಗೆ ಮನಸ್ಸು ಬರಲಿಲ್ಲ. ಆದರೆ ಸುಮ್ನೆ ಎದ್ದು ಬಂದಿದ್ದು ತಪ್ಪು ಅಂತ ರಾತ್ರಿಯೆಲ್ಲಾ ಅನಿಸಿತು.

ಇನ್ನೊಂದು ಸಂಕಟ ಇದಕ್ಕಿಂತ ಜಾಸ್ತಿ. ಜ್ವರ ಬಂದ ಮನೆಗೆ ಯಾರೂ ಕಾಲಿಡ್ತಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ ಅಂದರೂ ಕೇಳುವುದಿಲ್ಲ. ಗಂಜಿ ಕೊಡೋಕೂ ಹಿಂಜರಿಯುತ್ತಾರೆ.

ಬರುವ ಭಾನುವಾರ ಲೂಕ 10ನೇ ಅಧ್ಯಾಯದ ಸಮಾರ್ಯದವನ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ. ಅವನೂ ಗಾಯಕ್ಕೆ ಎಣ್ಣೆ ಹಚ್ಚಿದ, ಹತ್ತಿರ ಹೋಗಿಯೇ ಹಚ್ಚಿದ ಅಲ್ವಾ? ಆರಾಧನೆ ಮುಗಿದ ಮೇಲೆ ಆಶಾ ಅಕ್ಕನಿಂದಲೇ ಡೆಪಾ ಹಚ್ಚೋದು ತೋರಿಸಲಾ? ಮೊದಲು ನನ್ನ ಕೈಕಾಲಿಗೇ ಹಚ್ಚಿಕೊಳ್ಳುತ್ತೇನೆ.

ತೀರ್ಥಹಳ್ಳಿ, ಸಾಗರ, ಸಿದ್ದಾಪುರದ ಕಡೆ ಸೇವೆ ಮಾಡಿದವರು ಯಾರಾದರೂ ಇದ್ದರೆ, ನೀವು ಹೇಗೆ ಹೇಳಿದಿರಿ, ಜನ ಹೇಗೆ ಒಪ್ಪಿದರು ಅಂತ ದಯವಿಟ್ಟು ಬರೆಯಿರಿ. ಶನಿವಾರದೊಳಗೆ ತಿಳಿದರೆ ತುಂಬಾ ಉಪಕಾರ.